ಕಾರಿಗೆ ಹೊಂದುವ ಮಕ್ಕಳ ಸೀಟು: ಕೊಳ್ಳುವ ಮೊದಲು ಏನೇನು ನೋಡಬೇಕು

ಮಕ್ಕಳ ಕಾರ್ ಸೀಟು ಕೊಳ್ಳಲು ಹೊರಡುವ ತಂದೆತಾಯಿ ಸಾಮಾನ್ಯವಾಗಿ ಬೆಲೆ, ಮೆತ್ತೆಯ ದಪ್ಪ, ಬಣ್ಣ ಮತ್ತು ಬೇರೆ ಗ್ರಾಹಕರು ಕೊಟ್ಟ ಅಂಕಗಳನ್ನು ನೋಡಿ ತೀರ್ಮಾನಕ್ಕೆ ಬರುತ್ತಾರೆ. ಆ ಸೀಟು ತಮ್ಮ ಕಾರಿನಲ್ಲಿ ಸರಿಯಾಗಿ ಕೂರುತ್ತದೆಯೇ ಎಂಬ ಪ್ರಶ್ನೆ ಏಳುವುದು ಪೆಟ್ಟಿಗೆ ಮನೆಗೆ ಬಂದ ಮೇಲೆ. ಬೆಲ್ಟ್ ಗಿಡ್ಡವಾಯಿತು, ಮುಂದಿನ ಆಸನವನ್ನು ಡ್ಯಾಶ್‌ಬೋರ್ಡಿಗೆ ತಾಗುವಷ್ಟು ಸರಿಸಬೇಕಾಯಿತು, ಕೊಕ್ಕೆ ಸಿಕ್ಕಿಸಲು ಕಂಬಿಯೇ ಇಲ್ಲ ಎಂಬ ತೊಡಕುಗಳೆಲ್ಲ ಆಮೇಲೆ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಈ ಲೇಖನದಲ್ಲಿ ಮೊದಲು ಕಾರನ್ನು, ಆಮೇಲೆ ಮಗುವನ್ನು, ಕೊನೆಯಲ್ಲಿ ಸೀಟನ್ನು ನೋಡುವ ಕ್ರಮವನ್ನು ಅನುಸರಿಸಿದ್ದೇನೆ. ಸಡಿಲವಾಗಿ ಅಲುಗಾಡುವ ದುಬಾರಿ ಸೀಟಿಗಿಂತ, ನಿಮ್ಮದೇ ಕಾರಿನಲ್ಲಿ ಬಿಗಿಯಾಗಿ ಕೂತು, ಪ್ರತಿ ಸಲವೂ ತಪ್ಪಿಲ್ಲದೆ ಕಟ್ಟಲು ಬರುವ ಮಧ್ಯಮ ಬೆಲೆಯ ಸೀಟು ಮಗುವನ್ನು ಹೆಚ್ಚು ಚೆನ್ನಾಗಿ ಕಾಯುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. (ಗೊಂದಲವಾಗದಿರಲೆಂದು ಇಲ್ಲಿ ಕಾರಿನದ್ದನ್ನು ‘ಆಸನ’ ಎಂದೂ ಮಗುವಿನದ್ದನ್ನು ‘ಸೀಟು’ ಎಂದೂ ಕರೆದಿದ್ದೇನೆ.)

ತೊಡೆಯ ಮೇಲೆ ಕೂರಿಸಿಕೊಂಡರೆ ಸಾಲದೇ ಎಂದು ಮನೆಯ ಹಿರಿಯರು ಕೇಳುವುದು ಸಹಜ. ಆ ಪ್ರಶ್ನೆಗೆ ಲೆಕ್ಕದ ಉತ್ತರವಿದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವ ಕಾರು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತಿರುತ್ತದೆ. ಯಾವುದಕ್ಕಾದರೂ ಗುದ್ದಿ ಅದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತುಬಿಟ್ಟರೆ, ಒಳಗಿರುವವರ ಮೇಲೆ ಅವರ ತೂಕದ ಸರಾಸರಿ 14 ಪಟ್ಟು ಬಲ ಬೀಳುತ್ತದೆ. ಎಂದರೆ 10 ಕೆ.ಜಿ. ತೂಕದ ಮಗುವನ್ನು ಆ ಕ್ಷಣದಲ್ಲಿ ಹಿಡಿದುಕೊಳ್ಳಲು 140 ಕೆ.ಜಿ. ಭಾರವನ್ನು ತಡೆಯುವ ತೋಳು ಬೇಕು. ಪ್ರೀತಿ ಎಷ್ಟೇ ಇದ್ದರೂ ಅಂಥ ತೋಳು ಯಾರಿಗೂ ಇಲ್ಲ. ಕಾನೂನೂ ಇದನ್ನು ಗುರುತಿಸಿದೆ: 2019ರ ಮೋಟಾರು ವಾಹನಗಳ ತಿದ್ದುಪಡಿ ಕಾಯ್ದೆಯ ಮೂಲಕ ಬಂದ 194ಬಿ ಕಲಮಿನ ಪ್ರಕಾರ, 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟಿನಿಂದಾಗಲಿ ಮಕ್ಕಳ ಸೀಟಿನಿಂದಾಗಲಿ ಭದ್ರಪಡಿಸದೆ ವಾಹನ ಓಡಿಸುವುದು 1,000 ರೂಪಾಯಿ ದಂಡಕ್ಕೆ ಗುರಿಯಾಗುವ ಅಪರಾಧ.

ಮೊದಲ ಹೆಜ್ಜೆ: ಕಾರಿನ ಹಿಂದಿನ ಸಾಲನ್ನು ಪರೀಕ್ಷಿಸುವುದು

ಬಿಡುವಿರುವ ಒಂದು ಹೊತ್ತಿನಲ್ಲಿ ಕಾರಿನ ಜೊತೆ ಬಂದ ಮಾಲೀಕರ ಕೈಪಿಡಿ, ಒಂದು ಟಾರ್ಚು ಮತ್ತು ಅಳತೆ ಟೇಪು ಹಿಡಿದು ಹಿಂದಿನ ಆಸನದಲ್ಲಿ ಕುಳಿತುಕೊಳ್ಳಿ. ಮೊದಲು ನೋಡಬೇಕಾದದ್ದು ಮಗುವಿನ ಸೀಟಿನ ಕೊಕ್ಕೆಗಳನ್ನು ಸಿಕ್ಕಿಸುವ ಐಸೋಫಿಕ್ಸ್ ಕಂಬಿಗಳನ್ನು. ಇವು ಆಸನದ ಬೆನ್ನು ಮತ್ತು ಕೂರುವ ಭಾಗ ಸೇರುವ ಸಂದಿನೊಳಗೆ, 28 ಸೆಂ.ಮೀ. ಅಂತರದಲ್ಲಿ, ಕಾರಿನ ದೇಹಕ್ಕೇ ಬೆಸುಗೆ ಹಾಕಿರುವ 6 ಮಿ.ಮೀ. ದಪ್ಪದ ಎರಡು ಉಕ್ಕಿನ ಕಂಬಿಗಳು. ಸಾಮಾನ್ಯವಾಗಿ ಹಿಂದಿನ ಸಾಲಿನ ಎಡ ಮತ್ತು ಬಲ ಬದಿಗಳಲ್ಲಿ ಮಾತ್ರ ಇರುತ್ತವೆ. ನಡುವೆ ಇರುವುದು ಅಪರೂಪ. ಅಲ್ಲಿ ಚಿಕ್ಕದೊಂದು ಚೀಟಿಯೋ ಗುಂಡಿಯೋ ಗುರುತಿಗೆ ಇರುತ್ತದೆ, ಇಲ್ಲದಿದ್ದರೆ ಬೆರಳು ತೂರಿಸಿ ತಡವಿ ನೋಡಬೇಕು. ಹೊಸ ಕಾರುಗಳಲ್ಲಿ ಇವು ಸಾಮಾನ್ಯವಾಗಿವೆ. ಹತ್ತು ವರ್ಷ ಹಿಂದಿನ ಚಿಕ್ಕ ಕಾರುಗಳಲ್ಲಿ, ಅದರಲ್ಲೂ ಅಗ್ಗದ ಆವೃತ್ತಿಗಳಲ್ಲಿ, ಇಲ್ಲದಿರುವ ಸಾಧ್ಯತೆಯೇ ಹೆಚ್ಚು.

ಇಲ್ಲಿ ನಮ್ಮ ಊರುಗಳ ಒಂದು ವಿಶೇಷ ತೊಡಕನ್ನು ಹೇಳಲೇಬೇಕು. ಹೊಸ ಕಾರು ಮನೆಗೆ ಬಂದ ವಾರದೊಳಗೆ ದಪ್ಪ ರೆಕ್ಸಿನ್ ಕವರು ಹೊಲಿಸಿ ಹಾಕಿಸುವ ರೂಢಿ ನಮ್ಮಲ್ಲಿದೆ. ಆ ಕವರು ಹಲವು ಸಲ ಐಸೋಫಿಕ್ಸ್ ಸಂದನ್ನು ಪೂರ್ತಿ ಮುಚ್ಚಿಬಿಡುತ್ತದೆ, ಹಿಂದಿನ ಬೆಲ್ಟಿನ ಬಕಲುಗಳನ್ನು ಒಳಕ್ಕೆ ತಳ್ಳುತ್ತದೆ, ಮೇಲಾಗಿ ನುಣುಪಾಗಿರುವುದರಿಂದ ಬೆಲ್ಟಿನಲ್ಲಿ ಕಟ್ಟಿದ ಸೀಟು ಜಾರುತ್ತದೆ. ಕಂಬಿಗಳಿಲ್ಲ ಎಂದು ತೀರ್ಮಾನಿಸುವ ಮೊದಲು ಕವರನ್ನು ಬಿಚ್ಚಿ ನೋಡಿ. ಇದ್ದರೆ, ಕವರು ಹೊಲಿದವರ ಬಳಿಯೇ ಆ ಜಾಗದಲ್ಲಿ ಸೀಳು ಮಾಡಿಸಿಕೊಳ್ಳಬಹುದು. ಮಗುವಿನ ಸೀಟು ಬರುವ ಕಡೆ ಕವರನ್ನೇ ತೆಗೆದಿಡುವುದು ಇನ್ನೂ ಒಳ್ಳೆಯದು.

ಕಂಬಿಗಳ ಜೊತೆಗೆ ಮೂರನೆಯ ಆಧಾರವೊಂದು ಬೇಕು, ಯಾಕೆಂದರೆ ಎರಡೇ ಕಂಬಿಗಳಿಗೆ ಸಿಕ್ಕಿಸಿದ ಸೀಟು ಗುದ್ದಿದಾಗ ಮುಂದಕ್ಕೆ ಮಗುಚುತ್ತದೆ. ಅದನ್ನು ತಡೆಯುವುದು ಒಂದೋ ಸೀಟಿನ ಬೆನ್ನ ಮೇಲ್ಭಾಗದಿಂದ ಹೊರಟು ಕಾರಿನ ಹಿಂಬದಿಯ ಕೊಂಡಿಗೆ ಬಿಗಿಯುವ ಟಾಪ್ ಟೆದರ್ ಪಟ್ಟಿ, ಇಲ್ಲವೇ ಸೀಟಿನ ಮುಂಭಾಗದಿಂದ ಕಾರಿನ ನೆಲಕ್ಕೆ ಊರುವ ಆಧಾರದ ಕಾಲು. ಟೆದರ್ ಕೊಂಡಿ ಸೆಡಾನ್ ಕಾರುಗಳಲ್ಲಿ ಹಿಂದಿನ ಗಾಜಿನ ಕೆಳಗಿನ ಹಲಗೆಯಲ್ಲಿ ಮುಚ್ಚಳದ ಅಡಿ ಇರುತ್ತದೆ. ಹ್ಯಾಚ್‌ಬ್ಯಾಕ್ ಮತ್ತು ಎಸ್‌ಯುವಿಗಳಲ್ಲಿ ಹೆಚ್ಚಾಗಿ ಆಸನದ ಬೆನ್ನಿನ ಹಿಂದೆ ಇರುತ್ತದೆ. ಡಿಕ್ಕಿಯಲ್ಲಿ ಸಾಮಾನು ಕಟ್ಟಲು ಕೊಟ್ಟ ಕೊಕ್ಕೆಗಳು ನೋಡಲು ಹಾಗೆಯೇ ಇದ್ದರೂ ಅವು ಇಂಥ ಭಾರಕ್ಕೆ ಮಾಡಿದವಲ್ಲ. ಯಾವುದು ಯಾವುದೆಂದು ಕೈಪಿಡಿಯ ಚಿತ್ರ ನೋಡಿಯೇ ಖಚಿತಪಡಿಸಿಕೊಳ್ಳಬೇಕು. ಆಧಾರದ ಕಾಲಿನ ಸೀಟು ಕೊಳ್ಳುವವರು ಕಾರಿನ ನೆಲವನ್ನೂ ನೋಡಬೇಕು: ಆ ಜಾಗದಲ್ಲಿ ನೆಲದಡಿಯ ಸಾಮಾನಿನ ಪೆಟ್ಟಿಗೆ ಇದ್ದರೆ ಅದರ ಮುಚ್ಚಳ ಕುಸಿಯಬಹುದು, ಮತ್ತು ಈಚೆಗೆ ಬಳಕೆಗೆ ಬಂದಿರುವ ದಪ್ಪ ಸ್ಪಂಜಿನ ಮ್ಯಾಟುಗಳ ಮೇಲೆ ಕಾಲು ಗಟ್ಟಿಯಾಗಿ ಊರುವುದಿಲ್ಲ. ಆ ಕಡೆಯ ಮ್ಯಾಟನ್ನು ತೆಗೆದು ಕಾಲನ್ನು ನೆಲಕ್ಕೇ ಊರಿಸಬೇಕು.

ಇನ್ನು ಬೆಲ್ಟುಗಳು. ಸೊಂಟ ಮತ್ತು ಹೆಗಲು ಎರಡನ್ನೂ ಹಿಡಿಯುವ ಮೂರು ಬಿಂದುಗಳ ಬೆಲ್ಟು ಎಲ್ಲೆಲ್ಲಿದೆ, ಸೊಂಟಕ್ಕಷ್ಟೇ ಬರುವ ಬೆಲ್ಟು ಎಲ್ಲಿದೆ ಎಂದು ಗುರುತಿಸಿಕೊಳ್ಳಿ. ಹಳೆಯ ಕಾರುಗಳಲ್ಲಿ ಹಿಂದಿನ ಸಾಲಿನ ನಡುವೆ ಸೊಂಟದ ಬೆಲ್ಟು ಮಾತ್ರ ಇರುತ್ತದೆ. ಬೆಲ್ಟಿನಿಂದ ಕಟ್ಟುವ ಬಹುಪಾಲು ಸೀಟುಗಳಿಗೆ ಅದು ಸಾಲದು. ಬೆಲ್ಟನ್ನು ಪೂರ್ತಿ ಎಳೆದು ಉದ್ದ ಅಳೆದಿಟ್ಟುಕೊಳ್ಳಿ, ಏಕೆಂದರೆ ಹಸುಗೂಸಿನ ಹಿಮ್ಮುಖ ಸೀಟುಗಳಲ್ಲಿ (ಮಗು ಕಾರಿನ ಹಿಂಬದಿಗೆ ಮುಖ ಮಾಡಿ ಕೂರುವ ಸೀಟುಗಳಲ್ಲಿ) ಬೆಲ್ಟು ಸೀಟಿನ ಚಿಪ್ಪನ್ನು ಸುತ್ತಿಕೊಂಡು ಬರಬೇಕಾಗುತ್ತದೆ ಮತ್ತು ಚಿಕ್ಕ ಕಾರುಗಳ ಬೆಲ್ಟು ಕೆಲವೇ ಇಂಚುಗಳಷ್ಟು ಸಾಲದೆ ಹೋಗುವುದುಂಟು. ಬಕಲಿನ ಕಾಂಡ ಎಷ್ಟು ಎತ್ತರ ನಿಂತಿದೆ ಎಂಬುದನ್ನೂ ನೋಡಿ. ಅದು ಉದ್ದವಾಗಿದ್ದರೆ ಬೆಲ್ಟು ಬಿಗಿಯಾದಾಗ ಬಕಲು ಸೀಟಿನ ಪ್ಲಾಸ್ಟಿಕ್ ಅಂಚಿನ ಮೇಲೆ ಕೂತು ಅದುಮಿಕೊಳ್ಳುತ್ತದೆ. ಗುದ್ದಿದ ರಭಸಕ್ಕೆ ಆ ಬಕಲು ಒಡೆಯಬಹುದು, ತಾನೇ ಬಿಚ್ಚಿಕೊಳ್ಳಲೂಬಹುದು. ಇದು ಹೊರನೋಟಕ್ಕೆ ಅಷ್ಟಾಗಿ ಕಾಣದ ದೋಷವಾದ್ದರಿಂದಲೇ ನಾನು ಒತ್ತಿ ಹೇಳುತ್ತಿದ್ದೇನೆ.

ಕೈಪಿಡಿಯಲ್ಲಿ ಮಕ್ಕಳ ಸೀಟಿನ ಅಧ್ಯಾಯ ತೆರೆದರೆ ಒಂದು ಕೋಷ್ಟಕ ಸಿಗುತ್ತದೆ. ಒಂದು ಕಡೆ ಮಗುವಿನ ತೂಕದ ಗುಂಪುಗಳು, ಇನ್ನೊಂದು ಕಡೆ ಕಾರಿನ ಆಸನಗಳು, ನಡುವೆ ಅಕ್ಷರಗಳು. ‘ಯು’ ಎಂದಿದ್ದರೆ ಸಾರ್ವತ್ರಿಕ (ಯೂನಿವರ್ಸಲ್) ಅನುಮೋದನೆಯ ಯಾವ ಸೀಟಾದರೂ ಅಲ್ಲಿ ಸಲ್ಲುತ್ತದೆ, ‘ಯುಎಫ್’ ಎಂದರೆ ಮುಮ್ಮುಖವಾಗಿ ಮಾತ್ರ, ‘ಎಲ್’ ಎಂದರೆ ಪಟ್ಟಿಯಲ್ಲಿ ಹೆಸರಿಸಿದ ಸೀಟುಗಳು ಮಾತ್ರ, ‘ಎಕ್ಸ್’ ಎಂದರೆ ಅಲ್ಲಿ ಕೂರಿಸಲೇಬಾರದು. ಈ ಒಂದು ಪುಟದ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಂಡು ಅಂಗಡಿಗೆ ಹೋದರೆ ಅರ್ಧ ಕೆಲಸ ಮುಗಿದಂತೆ.

ನಿಮ್ಮ ಕಾರಿನ ಮಾದರಿ ಢಿಕ್ಕಿ ಪರೀಕ್ಷೆಗೆ ಒಳಗಾಗಿದ್ದರೆ ಅದರ ವರದಿಯನ್ನೂ ಓದಿ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಭಾರತ್ ಎನ್‌ಸಿಎಪಿ ಎಂಬ ನಮ್ಮ ದೇಶದ ಢಿಕ್ಕಿ ಪರೀಕ್ಷೆಯ ಕಾರ್ಯಕ್ರಮದಲ್ಲಿ ಮಕ್ಕಳ ಸುರಕ್ಷತೆಗೆಂದೇ ಪ್ರತ್ಯೇಕವಾಗಿ 49 ಅಂಕಗಳಿವೆ. ಹದಿನೆಂಟು ತಿಂಗಳ ಮತ್ತು ಮೂರು ವರ್ಷದ ಮಗುವನ್ನು ಪ್ರತಿನಿಧಿಸುವ ಬೊಂಬೆಗಳನ್ನು ಸೀಟಿನಲ್ಲಿ ಕೂರಿಸಿ ಗುದ್ದಿಸುವುದಕ್ಕೆ ಕೆಲವು ಅಂಕ, ಬೇರೆ ಬೇರೆ ಸೀಟುಗಳು ಆ ಕಾರಿನಲ್ಲಿ ಎಷ್ಟು ಸಲೀಸಾಗಿ ಕೂರುತ್ತವೆ ಎಂಬುದಕ್ಕೆ ಕೆಲವು ಅಂಕ. ದೊಡ್ಡವರ ನಕ್ಷತ್ರಗಳನ್ನು ಮಾತ್ರ ಜಾಹೀರಾತಿನಲ್ಲಿ ನೋಡಿ ಸುಮ್ಮನಾಗುವುದಕ್ಕಿಂತ ಈ ಎರಡನೆಯ ಭಾಗವನ್ನು ಓದುವುದು ನಮ್ಮ ಕೆಲಸಕ್ಕೆ ಹೆಚ್ಚು ಉಪಯುಕ್ತ.

ಎರಡನೆಯ ಹೆಜ್ಜೆ: ಕಾರಿನೊಳಗೆ ಜಾಗ ಗೊತ್ತುಮಾಡುವುದು

ಮಗುವಿನ ಜಾಗ ಹಿಂದಿನ ಸಾಲೇ. ಮುಂದಿನ ಆಸನದ ಎದುರು ಏರ್‌ಬ್ಯಾಗ್ ಕೆಲಸ ಮಾಡುವ ಸ್ಥಿತಿಯಲ್ಲಿರುವಾಗ ಅಲ್ಲಿ ಹಿಮ್ಮುಖ ಸೀಟನ್ನು ಯಾವ ಕಾರಣಕ್ಕೂ ಇಡಬಾರದು. ಏರ್‌ಬ್ಯಾಗ್ ಸ್ಫೋಟಿಸಿದರೆ ಅದು ನೇರವಾಗಿ ಬಡಿಯುವುದು ಮಗುವಿನ ತಲೆಯ ಹಿಂಬದಿಯ ಚಿಪ್ಪಿಗೆ. ಬಿಸಿಲು ತಡೆಯುವ ಮುಂದಿನ ಪಟ್ಟಿಯ ಮೇಲೆ ಈ ಎಚ್ಚರಿಕೆಯ ಚಿತ್ರವನ್ನೇ ಅಂಟಿಸಿರುತ್ತಾರೆ. ನಮ್ಮಲ್ಲಿ ಮಾರಾಟವಾಗುವ ಅನೇಕ ಕಾರುಗಳಲ್ಲಿ ಆ ಏರ್‌ಬ್ಯಾಗನ್ನು ಆರಿಸುವ ಗುಂಡಿಯೇ ಇರುವುದಿಲ್ಲ.

ಹಿಂದಿನ ಸಾಲಿನಲ್ಲಿ ಎಡವೋ ಬಲವೋ ಎಂದರೆ, ಎಡಬದಿಯಲ್ಲಿ ವಾಹನ ಚಲಿಸುವ ನಮ್ಮ ದೇಶದಲ್ಲಿ ಎಡಗಡೆಯೇ ಅನುಕೂಲ. ರಸ್ತೆಯ ಅಂಚಿನ ಕಡೆಯಿಂದ ಮಗುವನ್ನು ಇಳಿಸಬಹುದು, ಚಾಲಕನ ಆಸನವನ್ನು ಅಲುಗಿಸುವ ಪ್ರಮೇಯ ಬರುವುದಿಲ್ಲ. ಆದರೆ ಹಿಮ್ಮುಖ ಸೀಟು ಒರಗಿದಾಗ ಬಹಳ ಜಾಗ ಕೇಳುತ್ತದೆ, ಮುಂದಿನ ಎಡ ಆಸನವನ್ನು ಮುಂದಕ್ಕೆ ಸರಿಸಬೇಕಾಗುತ್ತದೆ. ಅಲ್ಲಿ ಕೂರುವವರು ಎತ್ತರದವರಾದರೆ ಮಂಡಿ ಡ್ಯಾಶ್‌ಬೋರ್ಡಿಗೆ ತಾಗಬಾರದು. ಹಾಗೆ ತಾಗುವುದು ಅವರಿಗೂ ಅಪಾಯ. ನಡುವಿನ ಜಾಗ ಪಕ್ಕದಿಂದ ಬರುವ ಗುದ್ದಿನಿಂದ ದೂರವಿರುವುದರಿಂದ ಒಳ್ಳೆಯದೆಂಬ ಮಾತಿದೆ, ಅದು ಸರಿಯೂ ಹೌದು, ಆದರೆ ಮೂರು ಬಿಂದುಗಳ ಬೆಲ್ಟೂ ಸಮತಟ್ಟಾದ ಕೂರುವ ಭಾಗವೂ ಅಲ್ಲಿದ್ದರೆ ಮಾತ್ರ. ಉಬ್ಬಿದ ನಡುಭಾಗದ ಮೇಲೆ ತೊನೆಯುವ ಸೀಟಿಗಿಂತ ಬದಿಯಲ್ಲಿ ಭದ್ರವಾಗಿ ಕೂತ ಸೀಟು ಮೇಲು.

ಏಳು ಆಸನದ ಕಾರಿದ್ದವರು ಇನ್ನೊಂದು ಲೆಕ್ಕ ಹಾಕಬೇಕು. ಎರ್ಟಿಗಾದಂಥ ಕಾರಿನಲ್ಲಿ ಮೂರನೆಯ ಸಾಲಿಗೆ ಹೋಗಲು ಎರಡನೆಯ ಸಾಲಿನ ಆಸನ ಮಡಚಬೇಕು. ಅಲ್ಲಿ ಮಗುವಿನ ಸೀಟು ಕಟ್ಟಿದರೆ ಆ ದಾರಿ ಮುಚ್ಚಿತು. ಅಜ್ಜ ಅಜ್ಜಿ ಹಿಂದೆ ಹತ್ತಿ ಇಳಿಯುವುದು ಯಾವ ಬದಿಯಿಂದ ಎಂದು ಮೊದಲೇ ಯೋಚಿಸಿ. ಬೊಲೆರೊದಂಥ ವಾಹನಗಳಲ್ಲಿ ಹಿಂಭಾಗದಲ್ಲಿ ಎದುರುಬದುರಾಗಿ ಪಕ್ಕಕ್ಕೆ ಮುಖಮಾಡಿದ ಆಸನಗಳಿರುತ್ತವೆ, ಅವುಗಳ ಮೇಲೆ ಯಾವ ಮಕ್ಕಳ ಸೀಟನ್ನೂ ಕಟ್ಟುವಂತಿಲ್ಲ.

ಮೂರನೆಯ ಹೆಜ್ಜೆ: ಮಗುವಿನ ತೂಕ, ಎತ್ತರ ಮತ್ತು ಮುಖ ತಿರುಗಿಸುವ ದಿಕ್ಕು

ವಯಸ್ಸು ನೋಡಿ ಸೀಟು ಕೊಳ್ಳಬೇಡಿ. ಮಗುವಿನ ಈಗಿನ ತೂಕ ಮತ್ತು ಎತ್ತರವನ್ನು ಲಸಿಕೆ ಕಾರ್ಡಿನಿಂದಲೋ ಮನೆಯಲ್ಲೇ ಅಳೆದೋ ಬರೆದುಕೊಳ್ಳಿ. ವಿಶ್ವಸಂಸ್ಥೆಯ ಯುರೋಪ್ ಆಯೋಗದ ಹಳೆಯ ನಿಯಮಾವಳಿಯಾದ ಇಸಿಇ ಆರ್44 ತೂಕದ ಮೇಲೆ ಗುಂಪು ಮಾಡುತ್ತದೆ: 13 ಕೆ.ಜಿ.ವರೆಗೆ ಗುಂಪು 0+, 9ರಿಂದ 18 ಕೆ.ಜಿ.ಗೆ ಗುಂಪು 1, 15ರಿಂದ 25ಕ್ಕೆ ಗುಂಪು 2, 22ರಿಂದ 36ಕ್ಕೆ ಗುಂಪು 3. 2013ರಲ್ಲಿ ಜಾರಿಗೆ ಬಂದ ಆರ್129, ಅಂದರೆ ಐ-ಸೈಜ್ ಎಂದು ಹೆಸರಾದದ್ದು, ಎತ್ತರದ ಮೇಲೆ ವಿಂಗಡಿಸುತ್ತದೆ. 15 ತಿಂಗಳು ತುಂಬುವವರೆಗೆ ಮಗು ಹಿಮ್ಮುಖವಾಗಿಯೇ ಕೂರಬೇಕೆಂದು ಕಡ್ಡಾಯ ಮಾಡುವುದರ ಜೊತೆಗೆ, ಆರ್44ರಲ್ಲಿ ಇಲ್ಲದಿದ್ದ ಪಕ್ಕದ ಗುದ್ದಿನ ಪರೀಕ್ಷೆಯನ್ನೂ ಅದು ಸೇರಿಸಿದೆ.

ಹಿಮ್ಮುಖ ಯಾಕೆ? ಹಸುಗೂಸಿನ ತಲೆ ಅದರ ದೇಹದ ಉದ್ದದ ಸುಮಾರು ಕಾಲು ಭಾಗ. ಅಷ್ಟು ಭಾರವಾದ ತಲೆಯನ್ನು ಹೊತ್ತ ಕುತ್ತಿಗೆಯ ಎಲುಬುಗಳು ಇನ್ನೂ ಮೃದ್ವಸ್ಥಿಯಿಂದ ಕೂಡಿಕೊಂಡಿರುತ್ತವೆ. ಮುಮ್ಮುಖವಾಗಿ ಕೂತ ಮಗುವಿನ ಮುಂಡವನ್ನು ಪಟ್ಟಿಗಳು ಹಿಡಿದರೂ ತಲೆ ಮುಂದಕ್ಕೆ ಎಸೆಯಲ್ಪಟ್ಟು ಕುತ್ತಿಗೆ ಜಗ್ಗುತ್ತದೆ. ಹಿಮ್ಮುಖವಾಗಿದ್ದರೆ ಬೆನ್ನು, ಕುತ್ತಿಗೆ, ತಲೆ ಮೂರೂ ಒಟ್ಟಿಗೆ ಸೀಟಿನ ಬೆನ್ನಿಗೆ ಒರಗಿ ಆ ಬಲ ಹಂಚಿಹೋಗುತ್ತದೆ. ಆದುದರಿಂದ ಮೊದಲ ಹುಟ್ಟುಹಬ್ಬ ಮುಗಿದ ಕೂಡಲೇ ಸೀಟನ್ನು ಮುಂದಕ್ಕೆ ತಿರುಗಿಸಲು ಅವಸರ ಮಾಡುವವರಿಗೆ ನನ್ನ ಕಳಕಳಿಯ ಮನವಿ: ಸೀಟಿನ ತೂಕ ಮತ್ತು ಎತ್ತರದ ಮಿತಿ ಒಪ್ಪುವವರೆಗೂ ಹಿಮ್ಮುಖವಾಗಿಯೇ ಇಡಿ. ಕಾಲು ಹಿಂದಿನ ಆಸನಕ್ಕೆ ತಾಗುತ್ತದೆ ಎಂಬುದು ಸೀಟು ಚಿಕ್ಕದಾಯಿತು ಎಂಬುದರ ಗುರುತಲ್ಲ, ಮಕ್ಕಳು ಕಾಲು ಮಡಚಿಕೊಂಡು ಆರಾಮವಾಗಿಯೇ ಕೂರುತ್ತಾರೆ. ತಲೆಯ ನೆತ್ತಿ ಚಿಪ್ಪಿನ ಮೇಲಂಚಿನ ಹತ್ತಿರ ಬಂದಾಗ, ಅಥವಾ ತೂಕ ಮಿತಿ ದಾಟಿದಾಗ, ಆ ಸೀಟಿನ ಕಾಲ ಮುಗಿಯಿತು. 18 ಕೆ.ಜಿ.ವರೆಗೂ ಹಿಮ್ಮುಖವಾಗಿ ಇಡಬಹುದಾದ ಸೀಟುಗಳು ಇವೆ. ಕಾರಿನಲ್ಲಿ ಉದ್ದಕ್ಕೆ ಜಾಗವಿದ್ದರೆ ಅವಕ್ಕೇ ಮೊದಲ ಆದ್ಯತೆ ಕೊಡಬೇಕು.

ಹುಟ್ಟಿನಿಂದ ಹನ್ನೆರಡು ವರ್ಷದವರೆಗೆ ಒಂದೇ ಸೀಟು ಎಂದು ಮಾರುವ ಮಾದರಿಗಳೂ ಇವೆ. ಹಣ ಉಳಿಯುವುದು ನಿಜ. ಆದರೆ ಅವುಗಳಲ್ಲಿ ಹಲವು ನವಜಾತ ಶಿಶುವಿಗೆ ಬೇಕಾದಷ್ಟು ಒರಗುವುದಿಲ್ಲ, ಅಗಲವೂ ಹೆಚ್ಚು. ಸಾಧ್ಯವಿರುವವರು ಒಂದಾದ ಮೇಲೊಂದರಂತೆ ಎರಡು ಸೀಟುಗಳನ್ನು ಯೋಜಿಸಿಕೊಳ್ಳುವುದು ಲೇಸು.

ನಾಲ್ಕನೆಯ ಹೆಜ್ಜೆ: ಅನುಮೋದನೆಯ ಚೀಟಿ

ಸೀಟಿನ ಬೆನ್ನಿಗೋ ತಳಕ್ಕೋ ಅಂಟಿಸಿದ ಕಿತ್ತಳೆ ಬಣ್ಣದ ಚೀಟಿಯಲ್ಲಿ ಒಂದು ವೃತ್ತ, ಅದರೊಳಗೆ ‘ಇ’ ಅಕ್ಷರ ಮತ್ತು ಅನುಮೋದಿಸಿದ ದೇಶದ ಸಂಖ್ಯೆ ಇರಬೇಕು. ಜೊತೆಗೆ ಆರ್44/04 ಅಥವಾ ಆರ್129 ಎಂದು ಬರೆದಿರಬೇಕು. ಭಾರತದ ಮಾನದಂಡ ಎಐಎಸ್-072. ಈ ಯಾವುದೂ ಇಲ್ಲದ, ಆಸನಕ್ಕೆ ಪಟ್ಟಿಯಿಂದ ಬಿಗಿಯುವ ಬಟ್ಟೆಯ ಮೆತ್ತೆಗಳು ಸಾವಿರ ರೂಪಾಯಿಗೆ ‘ಕಾರ್ ಸೀಟು’ ಎಂಬ ಹೆಸರಿನಲ್ಲೇ ಮಾರಾಟಕ್ಕಿವೆ. ಅವು ಮಗುವನ್ನು ಕೂರಿಸುತ್ತವೆಯೇ ಹೊರತು ಕಾಯುವುದಿಲ್ಲ. ದಯವಿಟ್ಟು ಕೊಳ್ಳಬೇಡಿ.

ಅದೇ ಚೀಟಿಯಲ್ಲಿ ‘ಯೂನಿವರ್ಸಲ್’, ‘ಸೆಮಿ ಯೂನಿವರ್ಸಲ್’ ಎಂಬ ಮಾತುಗಳನ್ನು ಹುಡುಕಿ. ಮೊದಲನೆಯದಾದರೆ ಕಾರಿನ ಕೈಪಿಡಿ ‘ಯು’ ಎಂದ ಕಡೆಯೆಲ್ಲ ಸಲ್ಲುತ್ತದೆ. ಎರಡನೆಯದಾದರೆ, ಆಧಾರದ ಕಾಲಿರುವ ಐಸೋಫಿಕ್ಸ್ ಸೀಟುಗಳು ಹೆಚ್ಚಾಗಿ ಈ ಬಗೆಯವು, ಸೀಟಿನ ತಯಾರಕರು ಪ್ರಕಟಿಸುವ ಕಾರುಗಳ ಪಟ್ಟಿಯಲ್ಲಿ ನಿಮ್ಮ ಮಾದರಿ ಮತ್ತು ಅದರ ವರ್ಷ ಇದೆಯೇ ಎಂದು ನೋಡಲೇಬೇಕು. ಯುರೋಪಿನಲ್ಲಿ ತಯಾರಾದ ಪಟ್ಟಿಗಳಲ್ಲಿ ಇಲ್ಲಿನ ಕಾರುಗಳು ಸಿಗದಿರುವುದು ಸಾಮಾನ್ಯ. ಆಗ ಕಾರಿನಲ್ಲಿ ಕೂರಿಸಿ ನೋಡುವುದರ ಜೊತೆಗೆ, ಸೀಟಿನ ಕಂಪನಿಯ ಗ್ರಾಹಕ ಸೇವೆಯಿಂದ ಲಿಖಿತ ಉತ್ತರ ಪಡೆಯುವುದು ಕ್ಷೇಮ.

ಬಳಸಿದ ಸೀಟನ್ನು ಅಣ್ಣನ ಮಗುವಿನಿಂದಲೋ ಅಕ್ಕನ ಮಗುವಿನಿಂದಲೋ ಪಡೆಯುವುದರಲ್ಲಿ ತಪ್ಪಿಲ್ಲ, ಅದು ಅಪಘಾತ ಕಂಡಿಲ್ಲವೆಂದು ನಿಮಗೆ ಖಾತ್ರಿಯಾಗಿ ಗೊತ್ತಿದ್ದರೆ ಮತ್ತು ತಳದ ಪ್ಲಾಸ್ಟಿಕ್ಕಿನಲ್ಲಿ ಅಚ್ಚಾದ ತಯಾರಿಕೆಯ ದಿನಾಂಕದಿಂದ ಬಳಕೆಯ ಅವಧಿ ಮುಗಿದಿಲ್ಲದಿದ್ದರೆ. ಅಪರಿಚಿತರಿಂದ ಕೊಳ್ಳುವ ಹಳೆಯ ಸೀಟಿನ ಚರಿತ್ರೆ ತಿಳಿಯುವ ದಾರಿಯೇ ಇಲ್ಲ.

ಐದನೆಯ ಹೆಜ್ಜೆ: ಐಸೋಫಿಕ್ಸೋ, ಬೆಲ್ಟೋ

ಕಾರಿನಲ್ಲಿ ಕಂಬಿಗಳಿದ್ದರೆ ಐಸೋಫಿಕ್ಸ್ ಸೀಟನ್ನೇ ಆರಿಸಿ ಎಂಬುದು ಸಾಮಾನ್ಯ ಸಲಹೆ, ಏಕೆಂದರೆ ಕೊಕ್ಕೆ ಕೂತಾಗ ಕ್ಲಿಕ್ ಸದ್ದು ಬರುತ್ತದೆ, ಗುರುತು ಕೆಂಪಿನಿಂದ ಹಸಿರಿಗೆ ತಿರುಗುತ್ತದೆ, ತಪ್ಪಿಗೆ ಅವಕಾಶ ಕಡಿಮೆ. ಇದು ಸರಿಯಾದ ಸಲಹೆಯೇ. ಆದರೂ ಬೆಲ್ಟಿನಿಂದ ಸರಿಯಾಗಿ ಬಿಗಿದ ಸೀಟು ಕೀಳೆಂದು ಭಾವಿಸಬೇಕಿಲ್ಲ, ಮತ್ತು ಹಲವು ಕುಟುಂಬಗಳಿಗೆ ಅದೇ ಹೆಚ್ಚು ಹೊಂದುತ್ತದೆ. ಬಾಣಂತನಕ್ಕೆ ತವರಿಗೆ ಹೋಗುವ ತಾಯಿಯನ್ನು ನೆನೆಯಿರಿ: ಮಗುವಿನ ಮೊದಲ ಪ್ರಯಾಣ ಆಸ್ಪತ್ರೆಯಿಂದ ಅಜ್ಜನ ಕಾರಿನಲ್ಲಿ, ಮೂರನೆಯ ಅಥವಾ ಐದನೆಯ ತಿಂಗಳಲ್ಲಿ ಗಂಡನ ಮನೆಗೆ ಬರುವುದು ಇನ್ನೊಂದು ಕಾರಿನಲ್ಲಿ, ನಡುವೆ ಲಸಿಕೆಗೆ ಹೋಗಿಬರಲು ಟ್ಯಾಕ್ಸಿ. ಎರಡು ಕಾರುಗಳಲ್ಲಿ ಒಂದಕ್ಕೆ ಕಂಬಿಗಳಿಲ್ಲದಿದ್ದರೂ ಐಸೋಫಿಕ್ಸ್ ಮಾತ್ರ ನಂಬಿದ ಸೀಟು ಅರ್ಧ ಕಾಲ ಮನೆಯ ಮೂಲೆಯಲ್ಲಿರುತ್ತದೆ. ಇಂಥವರು ಎರಡೂ ಬಗೆಯಲ್ಲಿ ಕಟ್ಟಬಹುದಾದ, ಹಗುರವಾದ ಹಸುಗೂಸಿನ ಸೀಟನ್ನು ಆರಿಸಬೇಕು, ಮತ್ತು ಎರಡೂ ಕಾರುಗಳಲ್ಲಿ ಹೆರಿಗೆಗೆ ಮುನ್ನವೇ ಕಟ್ಟಿ ನೋಡಿರಬೇಕು.

ಅಮೆರಿಕದಲ್ಲಿರುವ ಬಂಧುಗಳು ಬರುವಾಗ ಅಲ್ಲಿಂದ ಸೀಟು ತರುವುದು ಈಗ ಸಾಮಾನ್ಯವಾಗಿದೆ. ಅಲ್ಲಿನ ಸೀಟುಗಳು ಬೇರೆ ಮಾನದಂಡದವು, ಗುಣಮಟ್ಟದಲ್ಲಿ ಕಡಿಮೆಯೇನಲ್ಲ. ಆದರೆ ಅಲ್ಲಿನ ಕಾರುಗಳ ಬೆಲ್ಟನ್ನು ಪೂರ್ತಿ ಎಳೆದು ಬಿಟ್ಟರೆ ಅದು ಹಿಂದಕ್ಕೆ ಸರಿಯುತ್ತಾ ಬೀಗ ಬೀಳುತ್ತದೆ. ಸೀಟನ್ನು ಬಿಗಿಯಾಗಿ ಹಿಡಿಯುವುದು ಆ ಬೀಗವೇ. ನಮ್ಮ ಕಾರುಗಳ ಬೆಲ್ಟಿಗೆ ಸಾಮಾನ್ಯವಾಗಿ ಆ ವ್ಯವಸ್ಥೆ ಇಲ್ಲ, ಜೋರಾಗಿ ಎಳೆದಾಗ ಅಥವಾ ಬ್ರೇಕ್ ಹಾಕಿದಾಗ ಮಾತ್ರ ಅದು ಹಿಡಿದುಕೊಳ್ಳುತ್ತದೆ. ಹಾಗಾಗಿ ಸೀಟಿನಲ್ಲೇ ಬೆಲ್ಟನ್ನು ಕಚ್ಚಿ ಹಿಡಿಯುವ ಕ್ಲ್ಯಾಂಪ್ ಇರುವ ಮಾದರಿಯನ್ನೇ ತರಲು ಬಂಧುಗಳಿಗೆ ತಿಳಿಸಿ.

ಆರನೆಯ ಹೆಜ್ಜೆ: ಕೊಳ್ಳುವ ಮುನ್ನ ಕಾರಿನಲ್ಲಿ ಕಟ್ಟಿ ನೋಡುವುದು

ಸೀಟುಗಳ ಬೆಲೆ ಐದಾರು ಸಾವಿರದಿಂದ ಮೂವತ್ತು ಸಾವಿರ ರೂಪಾಯಿ ದಾಟುವವರೆಗೂ ಇದೆ. ಇಷ್ಟು ಹಣ ಕೊಡುವಾಗ ಅಂಗಡಿಯ ಮುಂದೆ ನಿಂತಿರುವ ನಿಮ್ಮ ಕಾರಿನಲ್ಲಿ ಅದನ್ನು ಕಟ್ಟಿ ನೋಡಲು ಕೇಳುವುದು ನಿಮ್ಮ ಹಕ್ಕು. ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಹಿಂದಿರುಗಿಸುವ ಅವಕಾಶ ಇರುವುದನ್ನೇ ಆರಿಸಿ, ಬಂದ ದಿನವೇ ಚೀಟಿಗಳನ್ನು ಕೀಳದೆ ಪರೀಕ್ಷಿಸಿ.

ಬೆಲ್ಟಿನಿಂದ ಕಟ್ಟುವ ಸೀಟಾದರೆ ಬೆಲ್ಟು ಸಾಗಬೇಕಾದ ದಾರಿಯನ್ನು ಬಣ್ಣದಿಂದ ಗುರುತಿಸಿರುತ್ತಾರೆ: ಸಾಮಾನ್ಯವಾಗಿ ಹಿಮ್ಮುಖಕ್ಕೆ ನೀಲಿ, ಮುಮ್ಮುಖಕ್ಕೆ ಕೆಂಪು. ಬಕಲು ಹಾಕಿದ ಮೇಲೆ ಮುಮ್ಮುಖ ಸೀಟಿನ ಮೇಲೆ ಒಂದು ಮಂಡಿಯೂರಿ ನಿಮ್ಮ ಭಾರ ಬಿಟ್ಟು, ಸೊಂಟದ ಭಾಗದ ಬೆಲ್ಟನ್ನು ಎಳೆದು, ಅನಂತರ ಹೆಗಲಿನ ಭಾಗದಿಂದ ಸಡಿಲ ತೆಗೆಯಬೇಕು. ಬಳಿಕ ಬೆಲ್ಟು ಹಾದುಹೋಗುವ ಜಾಗದಲ್ಲೇ ಸೀಟನ್ನು ಹಿಡಿದು ಎಡಕ್ಕೆ, ಬಲಕ್ಕೆ, ಮುಂದಕ್ಕೆ ಅಲ್ಲಾಡಿಸಿ. ಒಂದು ಇಂಚಿಗಿಂತ ಹೆಚ್ಚು ಸರಿದರೆ ಆ ಬಿಗಿ ಸಾಲದು. ಮತ್ತೆ ಕಟ್ಟಿ, ಮತ್ತೂ ಸರಿದರೆ ಆ ಸೀಟು ನಿಮ್ಮ ಕಾರಿಗೆ ಹೊಂದುವುದಿಲ್ಲ, ಅದರ ಹೆಸರು ಎಷ್ಟೇ ದೊಡ್ಡದಿರಲಿ.

ಕಾರಿನ ತಲೆದಿಂಬು ಮುಮ್ಮುಖ ಸೀಟನ್ನು ಮುಂದಕ್ಕೆ ತಳ್ಳುತ್ತಿದೆಯೇ ನೋಡಿ. ತೆಗೆಯಲು ಬರುವುದಾದರೆ ತೆಗೆದಿಡಿ. ಅನೇಕ ಚಿಕ್ಕ ಕಾರುಗಳಲ್ಲಿ ಅದು ಆಸನದ ಬೆನ್ನಿನ ಜೊತೆಗೇ ಅಚ್ಚಾಗಿರುತ್ತದೆ; ಆಗ ಬೆನ್ನು ಕಿರಿದಾದ ಅಥವಾ ಗಿಡ್ಡವಾದ ಇನ್ನೊಂದು ಸೀಟನ್ನು ಹುಡುಕಬೇಕು. ಹಿಮ್ಮುಖ ಸೀಟಿನಲ್ಲಿ ಒರಗುವ ಕೋನ ತೋರಿಸುವ ಗೆರೆ ಅಥವಾ ಗುಳ್ಳೆ ಇರುತ್ತದೆ. ಇಳಿಜಾರಿನಲ್ಲಿ ನಿಂತ ಕಾರಿನಲ್ಲಿ ಅದು ತಪ್ಪು ಹೇಳುವುದರಿಂದ ಸಮತಟ್ಟಾದ ಜಾಗದಲ್ಲೇ ನೋಡಿ. ಬಹಳ ನೆಟ್ಟಗಾದರೆ ಹಸುಗೂಸಿನ ಗಲ್ಲ ಎದೆಗೆ ಒತ್ತಿಕೊಂಡು ಉಸಿರಾಟಕ್ಕೆ ಅಡ್ಡಿಯಾಗುತ್ತದೆ. ಇದೇ ಕಾರಣಕ್ಕೆ ದೂರದ ಪ್ರಯಾಣದಲ್ಲಿ ಎರಡು ಗಂಟೆಗೊಮ್ಮೆಯಾದರೂ ನಿಲ್ಲಿಸಿ ಮಗುವನ್ನು ಸೀಟಿನಿಂದ ಎತ್ತಿಕೊಳ್ಳಬೇಕು. ಅವಧಿಗೆ ಮುನ್ನ ಹುಟ್ಟಿದ ಶಿಶುವಾದರೆ ಸೀಟಿನಲ್ಲಿ ಕೂರಿಸುವ ಮೊದಲೇ ಮಕ್ಕಳ ವೈದ್ಯರನ್ನು ಕೇಳಿ.

ಕಡೆಗೆ ಎಲ್ಲರೂ ಅವರವರ ಜಾಗದಲ್ಲಿ ಕುಳಿತು ನೋಡಿ: ಮುಂದಿನವರು, ಹಿಂದೆ ಕೂರುವ ಅಜ್ಜಿ, ದೊಡ್ಡ ಮಗು. ಮಗುವಿನ ಸೀಟು ಪಕ್ಕದವರ ಬೆಲ್ಟಿನ ಬಕಲನ್ನು ಮುಚ್ಚಿದರೆ ಅವರು ಬೆಲ್ಟು ಹಾಕಿಕೊಳ್ಳುವುದನ್ನೇ ಬಿಡುತ್ತಾರೆ, ಮತ್ತು ಬೆಲ್ಟಿಲ್ಲದ ದೊಡ್ಡವರು ಗುದ್ದಿನ ಕ್ಷಣದಲ್ಲಿ ಮಗುವಿನ ಮೇಲೆಯೇ ಬೀಳುತ್ತಾರೆ.

ಏಳನೆಯ ಹೆಜ್ಜೆ: ಮಗುವನ್ನು ಕಟ್ಟುವುದು

ಒಳಗಿನ ಐದು ಬಿಂದುಗಳ ಪಟ್ಟಿ ಹಿಮ್ಮುಖ ಸೀಟಿನಲ್ಲಿ ಮಗುವಿನ ಹೆಗಲಿನ ಮಟ್ಟದಿಂದ ಅಥವಾ ಸ್ವಲ್ಪ ಕೆಳಗಿನಿಂದ ಹೊರಡಬೇಕು, ಮುಮ್ಮುಖ ಸೀಟಿನಲ್ಲಿ ಹೆಗಲಿನ ಮಟ್ಟದಿಂದ ಅಥವಾ ಸ್ವಲ್ಪ ಮೇಲಿನಿಂದ. ಬಿಗಿದ ಮೇಲೆ ಹೆಗಲೆಲುಬಿನ ಬಳಿ ಪಟ್ಟಿಯನ್ನು ಉದ್ದುದ್ದಕ್ಕೆ ಚಿವುಟಿ ನೋಡಿ. ಮಡಿಕೆ ಬೆರಳಿಗೆ ಸಿಕ್ಕರೆ ಇನ್ನೂ ಸಡಿಲವಿದೆ.

ನಮ್ಮಲ್ಲಿ ಎಳೆಗೂಸನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಹೊರಗೆ ಕರೆದೊಯ್ಯುವ ರೂಢಿ. ಸುತ್ತಿದ ಮಗುವಿನ ಕಾಲುಗಳ ನಡುವೆ ಪಟ್ಟಿ ಹಾಕಲು ಬರುವುದಿಲ್ಲ. ಹಾಗಾಗಿ ತೆಳು ಅಂಗಿ ತೊಡಿಸಿ, ಮೊದಲು ಪಟ್ಟಿ ಬಿಗಿದು, ಬೇಕಿದ್ದರೆ ಅದರ ಮೇಲೆ ಹೊದಿಕೆ ಹೊದಿಸಬೇಕು. ಮಡಿಕೇರಿಯ ಚಳಿಯಲ್ಲಿ ದಪ್ಪ ಸ್ವೆಟರಿಗೂ ಇದೇ ಮಾತು ಅನ್ವಯಿಸುತ್ತದೆ. ಸೀಟಿನ ಜೊತೆ ಬರದ ಹೆಚ್ಚುವರಿ ದಿಂಬು, ಮೆತ್ತೆಗಳನ್ನು ಬೆನ್ನ ಹಿಂದೆ ತುರುಕಬಾರದು. ಕಲಬುರಗಿ, ರಾಯಚೂರು, ಬಳ್ಳಾರಿಗಳ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನ ಬಕಲಿನ ಲೋಹ ಮಗುವಿನ ಚರ್ಮ ಸುಡುವಷ್ಟು ಕಾದಿರುತ್ತದೆ. ಇಳಿಯುವಾಗ ಸೀಟಿನ ಮೇಲೆ ಬಿಳಿಯ ಬಟ್ಟೆ ಹೊದಿಸಿ, ಹತ್ತುವಾಗ ಬಕಲನ್ನು ಮುಂಗೈಯಿಂದ ಮುಟ್ಟಿ ನೋಡಿ. ಶಿರಾಡಿ, ಚಾರ್ಮಾಡಿ ಘಾಟಿಗಳ ತಿರುವುಗಳಲ್ಲಿ ವಾಂತಿ ಮಾಡುವ ಮಕ್ಕಳಿದ್ದರೆ ಸೀಟಿನ ಹೊದಿಕೆಯನ್ನು ಬಿಚ್ಚಿ ಒಗೆಯಲು ಬರುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿ.

ಮೊದಲ ಕೆಲವು ದಿನ ಮಗು ಅಳಬಹುದು. ಮನೆಯ ಹತ್ತಿರದ ಚಿಕ್ಕ ಓಡಾಟಗಳಿಂದ ರೂಢಿ ಮಾಡಿಸಿ, ಆದರೆ ಅಳು ತಾಳಲಾರದೆ ಚಲಿಸುವ ಕಾರಿನಲ್ಲಿ ಬಿಚ್ಚಿ ಎತ್ತಿಕೊಳ್ಳಬೇಡಿ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಸಮಾಧಾನ ಮಾಡಿ.

ಮಗು ಬೆಳೆದ ಮೇಲೆ

ಮಗುವಿನ ಹೆಗಲು ಪಟ್ಟಿ ಹೊರಡುವ ಅತಿ ಮೇಲಿನ ಕಿಂಡಿಯನ್ನು ದಾಟಿದಾಗ ಅಥವಾ ತೂಕ ಮಿತಿಗೆ ಬಂದಾಗ ಬೂಸ್ಟರಿನ, ಎಂದರೆ ಕಾರಿನ ಬೆಲ್ಟು ಸರಿಯಾಗಿ ಕೂರುವಂತೆ ಮಗುವನ್ನು ಎತ್ತರಿಸುವ ಸೀಟಿನ, ಸರದಿ. ಬೆನ್ನಿರುವ ಬೂಸ್ಟರನ್ನೇ ಕೊಳ್ಳಿ, ಏಕೆಂದರೆ ನಿದ್ದೆಗೆ ಜಾರಿದ ಮಗುವಿನ ತಲೆಯನ್ನೂ ಹೆಗಲಿನ ಬೆಲ್ಟನ್ನೂ ಅದು ಸರಿಯಾದ ಜಾಗದಲ್ಲಿ ಇಡುತ್ತದೆ. ಇಲ್ಲಿ ಮಗುವನ್ನು ಹಿಡಿಯುವುದು ಕಾರಿನ ಬೆಲ್ಟೇ ಆದ್ದರಿಂದ ಮೂರು ಬಿಂದುಗಳ ಬೆಲ್ಟು ಕಡ್ಡಾಯ, ಮತ್ತು ಆ ಬೆಲ್ಟಿನ ಕೆಳಭಾಗ ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲೆ ಕೂರಬೇಕು. ಖಾಲಿ ಬೂಸ್ಟರನ್ನೂ ಬೆಲ್ಟು ಹಾಕಿಯೇ ಬಿಡಿ, ಇಲ್ಲದಿದ್ದರೆ ಗುದ್ದಿದಾಗ ಅದು ಹಾರಿ ಬಡಿಯುತ್ತದೆ.

ಬೂಸ್ಟರ್ ಬಿಡಿಸುವ ಕಾಲವನ್ನು ವಯಸ್ಸಿನಿಂದ ಅಳೆಯದೆ ಕಾರಿನ ಆಸನದಲ್ಲೇ ಅಳೆಯಬೇಕು. ಬೆನ್ನು ಪೂರ್ತಿ ಒರಗಿದಾಗ ಮಂಡಿ ಆಸನದ ಅಂಚಿನಲ್ಲಿ ಮಡಚಬೇಕು, ಸೊಂಟದ ಬೆಲ್ಟು ತೊಡೆಯ ಮೇಲ್ತುದಿಯಲ್ಲಿ, ಹೆಗಲಿನ ಬೆಲ್ಟು ಕುತ್ತಿಗೆಗೆ ತಾಗದೆ ಹೆಗಲಿನ ನಡುವೆ ಬರಬೇಕು, ಪ್ರಯಾಣ ಮುಗಿಯುವವರೆಗೂ ಮಗು ಹಾಗೆಯೇ ಕೂತಿರಬೇಕು. ಹೆಚ್ಚಿನ ಮಕ್ಕಳಿಗೆ 135ರಿಂದ 150 ಸೆಂ.ಮೀ. ಎತ್ತರದ ನಡುವೆ ಇದು ಸಾಧ್ಯವಾಗುತ್ತದೆ. ಒಂದೇ ಮಗು ನಿಮ್ಮ ಹ್ಯಾಚ್‌ಬ್ಯಾಕಿನ ಗಿಡ್ಡ ಆಸನದಲ್ಲಿ ಈ ಪರೀಕ್ಷೆಯನ್ನು ದಾಟಿ, ಮಾವನ ಮನೆಯ ದೊಡ್ಡ ಕಾರಿನ ಆಳವಾದ ಆಸನದಲ್ಲಿ ದಾಟದಿರಬಹುದು. ಆ ಕಾರಿನಲ್ಲಿ ಹೋಗುವಾಗ ಇನ್ನೂ ಕೆಲವು ತಿಂಗಳು ಬೂಸ್ಟರನ್ನು ಜೊತೆಗೆ ಒಯ್ಯಬೇಕಾಗುತ್ತದೆ.